ಕುಂಬಳೆಯಿಂದ ಮಂಗಳೂರಿಗೆ ಲೋಕಲ್ ಗಾಡಿ

ಜೂನ್ ಬಂತೆಂದರೆ ನೀರ್ಚಾಲು, ಬದಿಯಡ್ಕ ಕಡೆಯಿಂದ ಯಾರದಾದರೂ ಫೋನ್ ಬಂದೇ ಬರುತ್ತದೆ. "ಅಕ್ಕ, ಮಗಳಿಗೆ ಮಂಗಳೂರಲ್ಲಿ ಸೀಟು ಸಿಕ್ಕಿತು. ಹಾಸ್ಟೆಲ್ ಬೇಡವಂತೆ. ದಿನಾ ರೈಲಲ್ಲಿ ಹೋಗಿ ಬರ್ಲಿಕ್ಕೆ ಆಗ್ತದಾ?" ಆಗುತ್ತದೆ. ಮಂಗಳೂರಿನ ಹಂಪನಕಟ್ಟೆಯ ಒಂದು ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತ ಹನ್ನೊಂದು ವರ್ಷದಿಂದ ನಾನು ಮಾಡುತ್ತಿರುವುದೂ ಅದನ್ನೇ. ಹೇಳಿ ಹೇಳಿ ಬಾಯಿ ಸೋತಿದೆ, ಈ ಸಲ ಬರೆದೇ ಇಡುತ್ತೇನೆ.

ಮೊದಲು ದಿಕ್ಕು. ನಮ್ಮ ಗುಡ್ಡೆಯ ಮಕ್ಕಳು ಕುಂಬಳೆ ಸ್ಟೇಷನ್ನಿಗೆ ಬಂದು ಯಾವ ಕಡೆ ನಿಲ್ಲಬೇಕೆಂದು ಗೊತ್ತಾಗದೆ ಪಿಳಿಪಿಳಿ ನೋಡುತ್ತಾರೆ. ಕಡಲು ಯಾವ ಕಡೆ ಎಂದು ನೋಡಿಕೊಳ್ಳಿ, ಸಾಕು. ಜೋಡಿಹಳಿಯಲ್ಲಿ ನಮ್ಮ ದೇಶದ ಗಾಡಿಗಳು ಎಡಬದಿಯಲ್ಲೇ ಓಡುವುದು. ಮಂಗಳೂರಿಗೆ ಹೋಗುವುದೆಂದರೆ ಬಡಗು ದಿಕ್ಕಿಗೆ, ಆಗ ಎಡಕ್ಕೆ ಕಡಲು. ಹಾಗಾಗಿ ಮಂಗಳೂರಿನ ಗಾಡಿ ಸಾಮಾನ್ಯವಾಗಿ ಕಡಲ ಬದಿಯ ಹಳಿಗೆ, ಕಾಸರಗೋಡಿನದ್ದು ಗುಡ್ಡೆಯ ಬದಿಯ ಹಳಿಗೆ. ಅಪರೂಪಕ್ಕೆ ಅದಲುಬದಲಾಗುವುದುಂಟು. ಅದಕ್ಕೆ ಮೈಕಿನಲ್ಲಿ ಹೇಳುವುದಕ್ಕೆ ಕಿವಿ ತೆರೆದಿಟ್ಟಿರಬೇಕು. ಕನ್ನಡ ಶಾಲೆಯಲ್ಲಿ ಕಲಿತು ಮಲಯಾಳ ಅಷ್ಟಾಗಿ ಬಾರದವರು ನಾಲ್ಕು ಶಬ್ದ ಕಲಿತುಕೊಳ್ಳಿ: 'ಒನ್ನಾಂ' ಅಂದರೆ ಒಂದನೆಯ, 'ರಂಡಾಂ' ಅಂದರೆ ಎರಡನೆಯ ಪ್ಲಾಟ್‌ಫಾರ್ಮು, 'ವೈಗಿ ಓಡುನ್ನು' ಅಂದರೆ ಗಾಡಿ ತಡ. ಕೊನೆಯದನ್ನು ಕಲಿಸುವುದೇನೂ ಬೇಡ, ಒಂದು ವಾರದಲ್ಲಿ ತಾನಾಗಿ ಬರುತ್ತದೆ.

ಗಾಡಿ ತಪ್ಪುತ್ತದೆಂದು ಹಳಿಗೆ ಹಾರಿ ದಾಟಬೇಡಿ. ಕಾನೂನಿನಲ್ಲಿ ಅದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಇದೆ. ಈಗಿನ ಕರೆಂಟು ಗಾಡಿಗೆ ಹಳೆಯ ಡೀಸೆಲ್ ಎಂಜಿನ್ನಿನ ಸದ್ದೂ ಇಲ್ಲ. ಮಳೆ ಸುರಿಯುವಾಗ, ಕೊಡೆಯ ಒಳಗಿರುವವರಿಗೆ ಹತ್ತಿರ ಬಂದದ್ದೇ ತಿಳಿಯುವುದಿಲ್ಲ.

ಇನ್ನು ಟಿಕೆಟು. ಹೊಸಬರು ಹೆಚ್ಚು ಕೈಸುಟ್ಟುಕೊಳ್ಳುವುದು ಇಲ್ಲೇ. ಕುಂಬಳೆಯಿಂದ ಮಂಗಳೂರಿಗೆ ಲೋಕಲ್ ಗಾಡಿಗೆ 10 ರೂಪಾಯಿ, ಅದು ಕನಿಷ್ಠ ದರ. ಎಕ್ಸ್‌ಪ್ರೆಸ್ಸಿನ ಕನಿಷ್ಠ ದರ 30. ಕೊರೊನಾ ಕಳೆದು ಗಾಡಿಗಳು ಮತ್ತೆ ಶುರುವಾದಾಗ ಲೋಕಲ್ಲಿಗೂ ಎಕ್ಸ್‌ಪ್ರೆಸ್ಸಿನ 30 ರೂಪಾಯಿಯನ್ನೇ ಹಾಕಿದ್ದರು. 2024ರ ಫೆಬ್ರವರಿ ಕೊನೆಗೆ ಅದು 10ಕ್ಕೆ ಇಳಿಯಿತು. ಲೋಕಲ್ಲಿನ ಟಿಕೆಟು ಹಿಡಿದು ಎಕ್ಸ್‌ಪ್ರೆಸ್ ಹತ್ತಬಾರದು. ಯಾವುದು ಯಾವುದೆಂದು ಗಾಡಿಯ ನಂಬರೇ ಹೇಳುತ್ತದೆ: 5, 6, 7ರಿಂದ ಶುರುವಾದರೆ ಲೋಕಲ್, 1 ಅಥವಾ 2 ಆದರೆ ಎಕ್ಸ್‌ಪ್ರೆಸ್. ಅದರಲ್ಲೂ 12, 20, 22 ಇದ್ದರೆ ಸೂಪರ್‌ಫಾಸ್ಟ್, ಅದಕ್ಕೆ ಹೆಚ್ಚುವರಿ ದುಡ್ಡು ಬೇರೆ. ಟಿಕೆಟೇ ಇಲ್ಲದೆ ಸಿಕ್ಕಿಬಿದ್ದರೆ ಗಾಡಿಯ ದರದ ಮೇಲೆ ಕಡಿಮೆಯೆಂದರೆ 250 ರೂಪಾಯಿ ದಂಡ.

ಫೋನಿನಲ್ಲಿ ತೆಗೆಯುವವರಿಗೆ ಮೊದಲು ಯುಟಿಎಸ್ ಇತ್ತು, 2025ರ ಜುಲೈಯಿಂದ ರೈಲ್‌ವನ್ ಆಪ್ ಬಂದಿದೆ. ಸ್ಟೇಷನ್ನಿನ ಒಳಗೆ ಕಾಲಿಡುವ ಮೊದಲೇ ಟಿಕೆಟು ತೆಗೆದುಬಿಡಿ. ಒಳಗೆ ಬಂದ ಮೇಲೆ ನೆನಪಾದರೆ ಗೋಡೆಯಲ್ಲಿ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಟಿಕೆಟು ಆಪಿನಲ್ಲೇ ತೋರಿಸಬೇಕು, ಅದರ ಫೋಟೊ ನಡೆಯುವುದಿಲ್ಲ. ನಮ್ಮ ಬೋಗಿಯಲ್ಲೇ ಒಬ್ಬಳು ಹುಡುಗಿ, ಅಣ್ಣ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ ಟಿಕೆಟಿನ ಸ್ಕ್ರೀನ್‌ಶಾಟ್ ತೋರಿಸಿ ದಂಡ ಕಟ್ಟಿದಳು. ದುಡ್ಡು ಕೊಟ್ಟೇ ತೆಗೆದ ಟಿಕೆಟು ಪಾಪ. ಅವಳು ಉಪ್ಪಳದಿಂದ ಉಳ್ಳಾಲದವರೆಗೂ ಅತ್ತಳು.

ಆದರೆ ದಿನಾ ಹೋಗುವವರಿಗೆ ಈ ಯಾವ ರಗಳೆಯೂ ಬೇಡ, ಸೀಸನ್ ಟಿಕೆಟು ಮಾಡಿಸಿ. ತಿಂಗಳಿನದ್ದೂ ಇದೆ, ಮೂರು ತಿಂಗಳಿನದ್ದೂ ಇದೆ. ಮೂರು ತಿಂಗಳಿನದ್ದಕ್ಕೆ ತಿಂಗಳ ದರದ 2.7 ಪಟ್ಟು ಮಾತ್ರ. ಮುಗಿಯುವ ಹತ್ತು ದಿನ ಮೊದಲೇ ಹೊಸದು ಮಾಡಿಸಬಹುದು. ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಗೂ ಅದು ನಡೆಯುತ್ತದೆ, ರಿಸರ್ವೇಶನ್ ಬೋಗಿಗೆ ಹತ್ತಬೇಡಿ. ತಂದೆತಾಯಿಗಳು ಕೇಳಿಸಿಕೊಳ್ಳಬೇಕಾದ ಇನ್ನೊಂದು ಮಾತು: ಹುಡುಗಿಯರಿಗೆ ಪದವಿ ಮುಗಿಯುವವರೆಗೆ, ಹುಡುಗರಿಗೆ ಹನ್ನೆರಡನೆಯ ತರಗತಿಯವರೆಗೆ ಸೆಕೆಂಡ್ ಕ್ಲಾಸಿನ ತಿಂಗಳ ಸೀಸನ್ ಪುಕ್ಕಟೆ. ಕಾಲೇಜಿನಿಂದ ಕಾಗದ ಬರೆಸಿ ತರಬೇಕಷ್ಟೆ. ಅದು ಗೊತ್ತಿಲ್ಲದೆ ಮೂರು ವರ್ಷ ದುಡ್ಡು ಕೊಟ್ಟವರು ನನ್ನ ಪರಿಚಯದಲ್ಲೇ ಇದ್ದಾರೆ.

ಮಂಗಳೂರಿನಲ್ಲಿ ಎರಡು ಸ್ಟೇಷನ್. ಸೆಂಟ್ರಲ್ ಎಂದರೆ ಹಂಪನಕಟ್ಟೆಗೆ ನಡೆದೇ ಹೋಗುವಷ್ಟು ಹತ್ತಿರ, ಗಾಡಿ ಅಲ್ಲಿಗೆ ಮುಗಿಯುತ್ತದೆ. ಜಂಕ್ಷನ್ ಇರುವುದು ಪಡೀಲಿನ ಹತ್ತಿರ. ಹಳಬರು ಈಗಲೂ ಕಂಕನಾಡಿ ಸ್ಟೇಷನ್ ಅನ್ನುತ್ತಾರೆ. ಕೊಂಕಣ ದಾರಿಯಾಗಿ ಮುಂಬೈ, ದೆಹಲಿಗೆ ಹೋಗುವ ನೇತ್ರಾವತಿ, ಮಂಗಳಾ ಮೊದಲಾದ ಗಾಡಿಗಳು ಸೆಂಟ್ರಲ್ಲಿಗೆ ಬರುವುದೇ ಇಲ್ಲ, ಜಂಕ್ಷನ್ನಿನಲ್ಲೇ ನಿಂತು ಮುಂದೆ ಹೋಗುತ್ತವೆ. ಒಂದು ದಿನ ಕಾಸರಗೋಡಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಹೆಸರು ನೋಡದೆ ಸಿಕ್ಕಿದ ಗಾಡಿ ಹತ್ತಿ ಜಂಕ್ಷನ್ನಿನಲ್ಲಿ ಇಳಿದೆ. ರಿಕ್ಷಾಕ್ಕೆ ಕೊಟ್ಟ ದುಡ್ಡಿನಲ್ಲಿ ಒಂದು ವಾರ ಲೋಕಲ್ಲಿನಲ್ಲಿ ಓಡಾಡಬಹುದಿತ್ತು.

ಈ ಹಳಿಯ ಪ್ರಾಯ ಕೇಳಿದರೆ ಮಕ್ಕಳಿಗೆ ಆಶ್ಚರ್ಯ. ಕೇರಳದ ಮೊದಲ ರೈಲು 1861ರಲ್ಲಿ ಬೇಪೂರಿನಿಂದ ತಿರೂರಿಗೆ ಓಡಿತು. ಅಲ್ಲಿಂದ ಬಡಗಕ್ಕೆ ಹೊಳೆ ಹೊಳೆಗೂ ಸೇತುವೆ ಕಟ್ಟುತ್ತ ಮಂಗಳೂರು ಮುಟ್ಟುವಾಗ 1907. ಕುಂಬಳೆಯಿಂದ ಹೊರಟರೆ ಶಿರಿಯ ಹೊಳೆ, ಕೊನೆಗೆ ನೇತ್ರಾವತಿ, ಎಲ್ಲ ನೀವೇ ಲೆಕ್ಕ ಹಾಕಬಹುದು. ಆಗ ಇತ್ತಲೂ ಅತ್ತಲೂ ಒಂದೇ ಜಿಲ್ಲೆ, ದಕ್ಷಿಣ ಕನ್ನಡ. 1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು, ಮಂಗಳೂರು ಆಚೆ ಉಳಿಯಿತು. ರೈಲಿಗೆ ಮಾತ್ರ ಆ ಗಡಿ ಗೊತ್ತಿಲ್ಲ: ಕುಂಬಳೆಯೂ ಮಂಗಳೂರು ಸೆಂಟ್ರಲ್ಲೂ ಇವತ್ತಿಗೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗವೇ. ಮಂಗಳೂರಿನವರಿಗೆ ಈ ವಿಷಯ ಎತ್ತಿದರೆ ಸಿಟ್ಟು ಬರುತ್ತದೆ. ನಮಗೇನು, ಮನೆ ಕೇರಳ, ಸಂಬಳ ಕರ್ನಾಟಕ!

ಕೂರುವ ಜಾಗದ ಸಂಗತಿ ಯಾರೂ ಹೇಳಿಕೊಡುವುದಿಲ್ಲ. ಬೇಸಿಗೆಯ ಬೆಳಿಗ್ಗೆ ಹೋಗುವಾಗ ಎಡಕ್ಕೆ, ಕಡಲ ಬದಿಗೆ ಕೂತರೆ ಬಿಸಿಲು ಬೀಳದು. ಮಳೆಗಾಲದಲ್ಲಿ ಅದೇ ಸೀಟು ಹಿಡಿದರೆ ಇರಸಲು ಹೊಡೆದು ಉಳ್ಳಾಲ ಬರುವಾಗ ಒಂದು ಮಗ್ಗುಲು ಚಂಡಿ. ಆಗ ಬಲಕ್ಕೆ ಹೋಗಿ. ಸಂಜೆ ಬರುವಾಗ ಕಡಲು ಬಲಕ್ಕಾಗುತ್ತದೆ, ಬಿಸಿಲೂ ಮಳೆಯೂ ಅಲ್ಲಿಂದಲೇ, ಹಾಗಾಗಿ ವರ್ಷವಿಡೀ ಎಡಬದಿ ಒಳ್ಳೆಯದು. ಹೆಂಗಸರ ಬೋಗಿ ಪ್ಲಾಟ್‌ಫಾರ್ಮಿನ ಯಾವ ಕಂಬದ ಹತ್ತಿರ ನಿಲ್ಲುತ್ತದೆಂದು ಮೊದಲ ದಿನವೇ ನೋಡಿಟ್ಟುಕೊಳ್ಳಿ. ಇಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ, ಹುಡುಕಲು ಸಮಯ ಸಿಗುವುದಿಲ್ಲ.

ಬದಿಯಡ್ಕದಿಂದ ಬರುವ ಬಸ್ಸನ್ನು ಗಾಡಿಯ ಹೊತ್ತಿಗೆ ಸರಿಯಾಗಿ ನಂಬಬೇಡಿ, ಅದಕ್ಕಿಂತ ಒಂದು ಬಸ್ಸು ಮೊದಲೇ ಹೊರಡಿ. ಆ ತುದಿಯಲ್ಲೂ ಹಾಗೆಯೇ. ಸೆಂಟ್ರಲ್ಲಿನಲ್ಲಿ ಪ್ಲಾಟ್‌ಫಾರ್ಮು ಖಾಲಿಯಾಗುವ ತನಕ ಗಾಡಿ ನೇತ್ರಾವತಿ ದಾಟಿ ಸಿಗ್ನಲಿನಲ್ಲಿ ಕಾಯುವುದುಂಟು. ಮೊದಲ ಪೀರಿಯಡ್ಡಿಗೆ ಕಾಲು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಅಲ್ಲಿ ಕೆಳಗೆ ಹಾರಿ ಹಳಿಯಲ್ಲಿ ನಡೆಯುವವರ ಹಿಂದೆ ಹೋಗಬೇಡಿ. ಬುತ್ತಿ ಬಿಚ್ಚಿ ಎರಡು ಇಡ್ಲಿ ತಿನ್ನಿ, ಅಷ್ಟರಲ್ಲಿ ಗಾಡಿ ಹೊರಡುತ್ತದೆ.