ಮಗಳ ವೈದ್ಯಕೀಯ ಶಿಕ್ಷಣಕ್ಕೆ ಸಾಲ: ಅಮೆರಿಕದಲ್ಲಿ ಸಾಲದಾತರನ್ನು ಹೋಲಿಸಿದ ನನ್ನ ಅನುಭವ

2025ರಲ್ಲಿ ನನ್ನ ಮಗಳು ಅಮೆರಿಕದ ವೈದ್ಯಕೀಯ ಕಾಲೇಜೊಂದಕ್ಕೆ ಸೇರುವ ಮೊದಲು ಸಾಲದ ಹೋಲಿಕೆಯ ಕೆಲಸವನ್ನು ನಾನೇ ವಹಿಸಿಕೊಂಡೆ. ಖಾಸಗಿ ಸಾಲವಾದರೆ ಜಾಮೀನಿಗೆ ಸಹಿ ಹಾಕಬೇಕಾದವನು ನಾನೇ ಆಗಿದ್ದುದರಿಂದ ಈ ಶ್ರಮದಲ್ಲಿ ನನ್ನ ಸ್ವಾರ್ಥವೂ ಇತ್ತು. ಸಾಲದಾತರು ಬಡ್ಡಿದರವನ್ನು ದೊಡ್ಡ ಅಕ್ಷರಗಳಲ್ಲಿ ಮುಂದಿಡುತ್ತಾರೆ. ನನಗೆ ಬೇಕಾಗಿದ್ದ ಉತ್ತರ ಬೇರೆಯದು. ನಾಲ್ಕು ವರ್ಷ ಓದಿ, ಅನಂತರ ರೆಸಿಡೆನ್ಸಿಯನ್ನೂ (ಪದವಿಯ ಮೇಲೆ ಆಸ್ಪತ್ರೆಯಲ್ಲಿ ಸಂಬಳ ಪಡೆಯುತ್ತ ಮಾಡುವ ತರಬೇತಿ) ಮುಗಿಸಿ ಹೊರಬರುವ ದಿನ ಬಾಕಿ ಎಷ್ಟಿರುತ್ತದೆ, ಅಷ್ಟರೊಳಗೆ ಯಾರು ಎಷ್ಟು ಕಂತು ಕೇಳುತ್ತಾರೆ ಎಂಬುದು.

ಮಗಳು ಅಮೆರಿಕದ ಪೌರಳಾದ್ದರಿಂದ ಫೆಡರಲ್ (ಕೇಂದ್ರ ಸರ್ಕಾರದ) ಸಾಲಕ್ಕೆ ಅರ್ಹಳಾಗಿದ್ದಳು. ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಆ ದಾರಿ ಇಲ್ಲ; ಖಾಸಗಿ ಸಾಲಕ್ಕೂ ಅವರು ಸಾಮಾನ್ಯವಾಗಿ ಪೌರರನ್ನೋ ಗ್ರೀನ್ ಕಾರ್ಡ್ ಇರುವವರನ್ನೋ ಜಾಮೀನಿಗೆ ಹುಡುಕಬೇಕಾಗುತ್ತದೆ. ಫೆಡರಲ್ ನೆರವು ಕೋರುವ ಫಾಫ್ಸಾ ಅರ್ಜಿ ತುಂಬಿದ ಮೇಲೆ ನಮ್ಮೆದುರು ಎರಡು ಫೆಡರಲ್ ಸಾಲಗಳಿದ್ದವು. ಡೈರೆಕ್ಟ್ ಅನ್‌ಸಬ್ಸಿಡೈಸ್ಡ್ (ಓದುವಾಗಲೂ ಬಡ್ಡಿ ಬೆಳೆಯುವ) ಸಾಲಕ್ಕೆ 2025-26ರಲ್ಲಿ ಸ್ಥಿರ ಬಡ್ಡಿ ಶೇ. 7.94, ಶುಲ್ಕ ಶೇ. 1.057, ಒಂಬತ್ತು ತಿಂಗಳ ಶೈಕ್ಷಣಿಕ ವರ್ಷಕ್ಕೆ ವೈದ್ಯಕೀಯ ವಿದ್ಯಾರ್ಥಿಗೆ ಸಿಗುವ ಗರಿಷ್ಠ ಮೊತ್ತ 40,500 ಡಾಲರ್. ಅದಕ್ಕೂ ಮೀರಿದ ಖರ್ಚಿಗೆ ಗ್ರ್ಯಾಡ್ ಪ್ಲಸ್: ಬಡ್ಡಿ ಶೇ. 8.94, ಶುಲ್ಕ ಶೇ. 4.228. ಈ ಶುಲ್ಕವನ್ನು ಹಣ ಕೊಡುವಾಗಲೇ ಮುರಿದುಕೊಳ್ಳುವುದರಿಂದ, 10,000 ಡಾಲರ್ ಕೈಗೆ ಬರಬೇಕಾದರೆ ಸುಮಾರು 10,441 ಡಾಲರ್ ಸಾಲ ಮಾಡಬೇಕು. ಖಾಸಗಿ ಸಾಲದಾತರಲ್ಲಿ ಹೆಚ್ಚಿನವರು ಇಂಥ ಶುಲ್ಕ ಹಿಡಿಯುವುದಿಲ್ಲ. ಹಾಗಾಗಿ ಕೇವಲ ದರಗಳನ್ನು ಅಕ್ಕಪಕ್ಕ ಬರೆದು ನೋಡಿದರೆ ಖಾಸಗಿಯವರ ಅನುಕೂಲ ಪೂರ್ತಿಯಾಗಿ ಕಾಣುವುದೇ ಇಲ್ಲ. ಅವರ ಪರವಾದ ಈ ಅಂಶವನ್ನೂ ನಾನು ಲೆಕ್ಕಕ್ಕೆ ಹಿಡಿದೆ.

ಖಾಸಗಿಯವರಿಂದ ದರ ಕೇಳುವಾಗ, ಕ್ರೆಡಿಟ್ ಸ್ಕೋರಿಗೆ ಪೆಟ್ಟು ಬೀಳದ ಪ್ರಾಥಮಿಕ ವಿಚಾರಣೆಯಿಂದಲೇ ಆರಂಭಿಸಿದೆ. ನನ್ನ ಜಾಮೀನಿನ ಬಲದ ಮೇಲೆ ಕೆಲವರು ಗ್ರ್ಯಾಡ್ ಪ್ಲಸ್‌ಗಿಂತ ಸ್ಪಷ್ಟವಾಗಿ ಕಡಿಮೆ ದರ ಸೂಚಿಸಿದರು. ಬದಲಾಗುವ ದರದ ಸಾಲಗಳನ್ನು ನಾನು ಪಟ್ಟಿಯಿಂದಲೇ ತೆಗೆದುಹಾಕಿದೆ. ಹತ್ತು ಹದಿನೈದು ವರ್ಷ ತೀರದ ಸಾಲದಲ್ಲಿ ಅಷ್ಟು ಅನಿಶ್ಚಿತತೆಯನ್ನು ಮಗಳ ಹೆಗಲಿಗೆ ಹೊರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಉಳಿದವರಿಗೆ ನಾನು ಬರವಣಿಗೆಯಲ್ಲಿ ಕೇಳಿದ ಮುಖ್ಯ ಪ್ರಶ್ನೆ, ಬಡ್ಡಿ ಯಾವಾಗ ಅಸಲಿಗೆ ಸೇರುತ್ತದೆ ಎಂಬುದು. ಶೇ. 7ರ ದರದಲ್ಲಿ 10,000 ಡಾಲರ್ ಪಡೆದು ಎಂಟು ವರ್ಷ ಏನೂ ಕಟ್ಟದಿದ್ದರೆ, ಬಡ್ಡಿ ಒಮ್ಮೆಯೂ ಅಸಲಿಗೆ ಸೇರದ ಪಕ್ಷದಲ್ಲಿ ಬಾಕಿ 15,600 ಡಾಲರ್; ಪದವಿ ಮುಗಿದಾಗ ಒಮ್ಮೆ ಸೇರಿದರೆ 16,384; ಪ್ರತಿ ವರ್ಷ ಸೇರುತ್ತ ಹೋದರೆ 17,182. ದರ ಒಂದೇ ಇದ್ದೂ ಒಪ್ಪಂದದ ಒಂದು ಸಾಲು ಒಂದೂವರೆ ಸಾವಿರಕ್ಕಿಂತ ಹೆಚ್ಚಿನ ವ್ಯತ್ಯಾಸ ಮಾಡುತ್ತದೆ. ಒಂದು ಸಂಸ್ಥೆಯ ಪ್ರತಿನಿಧಿ ಈ ಪ್ರಶ್ನೆಗೆ ಫೋನಿನಲ್ಲಿ ಒಂದು ಉತ್ತರ, ಪತ್ರದಲ್ಲಿ ಇನ್ನೊಂದು ಉತ್ತರ ಕೊಟ್ಟರು. ಆ ಸಂಸ್ಥೆಯನ್ನು ಅಲ್ಲಿಗೇ ಕೈಬಿಟ್ಟೆ.

ಎರಡನೆಯದು ರೆಸಿಡೆನ್ಸಿಯ ಅವಧಿ. ಫ್ಯಾಮಿಲಿ ಮೆಡಿಸಿನ್‌ಗೆ ಮೂರು ವರ್ಷ, ಜನರಲ್ ಸರ್ಜರಿಗೆ ಐದು, ನ್ಯೂರೋಸರ್ಜರಿಗೆ ಏಳು ವರ್ಷ ಬೇಕು. ಖಾಸಗಿ ಸಾಲದಾತರು ಕಂತು ಮುಂದೂಡಲು ಕೊಡುವ ಅವಕಾಶಕ್ಕೆ ತಿಂಗಳುಗಳ ಮಿತಿ ಇರುತ್ತದೆ. ತರಬೇತಿ ಆ ಮಿತಿಯನ್ನು ಮೀರಿದರೆ ರೆಸಿಡೆಂಟಿನ ಸಣ್ಣ ಸಂಬಳದಲ್ಲಿಯೇ ಪೂರ್ಣ ಕಂತು ಕಟ್ಟಬೇಕು, ತಪ್ಪಿದರೆ ಜಾಮೀನುದಾರ ಕಟ್ಟಬೇಕು. ಮೊದಲ ವರ್ಷದ ವಿದ್ಯಾರ್ಥಿನಿಗೆ ತಾನು ಯಾವ ವಿಭಾಗಕ್ಕೆ ಹೋಗುತ್ತೇನೆಂಬುದೇ ತಿಳಿದಿರುವುದಿಲ್ಲ. ಪ್ರಾಥಮಿಕ ಚಿಕಿತ್ಸೆಯಲ್ಲೇ ಉಳಿಯುವವರಿಗಾಗಿ ಶೇ. 5ರ ಬಡ್ಡಿಯ ಪ್ರೈಮರಿ ಕೇರ್ ಲೋನ್ ಎಂಬ ಸರ್ಕಾರಿ ಯೋಜನೆಯಿದ್ದರೂ ಇದೇ ಕಾರಣಕ್ಕೆ ನಾವು ಅದರತ್ತ ಹೋಗಲಿಲ್ಲ. ಫೆಡರಲ್ ಸಾಲದಲ್ಲಿ ಆದಾಯಕ್ಕೆ ತಕ್ಕ ಕಂತಿನ ವ್ಯವಸ್ಥೆಯಿದೆ. ಲಾಭರಹಿತ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ 120 ಅರ್ಹ ಕಂತುಗಳನ್ನು ಕಟ್ಟಿದವರ ಉಳಿದ ಬಾಕಿ ಮನ್ನಾ ಆಗುವ ಸಾರ್ವಜನಿಕ ಸೇವಾ ಯೋಜನೆಯಲ್ಲಿ, ಅಂಥ ಆಸ್ಪತ್ರೆಯ ರೆಸಿಡೆನ್ಸಿಯಲ್ಲಿ ಕಟ್ಟಿದ ಸಣ್ಣ ಕಂತುಗಳೂ ಲೆಕ್ಕಕ್ಕೆ ಬರುತ್ತವೆ. ಖಾಸಗಿ ಸಾಲಕ್ಕೆ ಈ ಮನ್ನಾ ಇಲ್ಲ. ಫೆಡರಲ್ ಸಾಲವನ್ನು ಒಮ್ಮೆ ಖಾಸಗಿಗೆ ಬದಲಿಸಿಕೊಂಡರೆ ಹಿಂದಿರುಗುವ ದಾರಿಯೂ ಇಲ್ಲ.

ಮಾತನಾಡಲು ಇಷ್ಟವಾಗದ ವಿಷಯವಾದರೂ ಮರಣದ ಷರತ್ತನ್ನು ಓದಲೇಬೇಕು. ವಿದ್ಯಾರ್ಥಿ ತೀರಿಕೊಂಡರೆ ಫೆಡರಲ್ ಸಾಲ ರದ್ದಾಗುತ್ತದೆ; 2018ರ ಕಾನೂನಿನ ನಂತರದ ಖಾಸಗಿ ಸಾಲಗಳಲ್ಲಿ ಜಾಮೀನುದಾರನಿಗೆ ಬಿಡುಗಡೆ ಉಂಟು. ಶಾಶ್ವತ ಅಂಗವೈಕಲ್ಯದ ಸಂದರ್ಭದಲ್ಲಿ ಖಾಸಗಿಯವರ ನಿಯಮ ಒಬ್ಬೊಬ್ಬರದು ಒಂದೊಂದು.

ಇಷ್ಟನ್ನೂ ತೂಗಿ, ಅನ್‌ಸಬ್ಸಿಡೈಸ್ಡ್ ಸಾಲವನ್ನು ಮಿತಿಯವರೆಗೆ ಪಡೆದು, ಉಳಿದುದಕ್ಕೆ ದರ ಹೆಚ್ಚಿದ್ದರೂ ಗ್ರ್ಯಾಡ್ ಪ್ಲಸ್ ಅನ್ನೇ ಆರಿಸಿದೆವು. 2025ರ ಜುಲೈ 4ರಂದು ಸಹಿಯಾದ ಹೊಸ ಕಾನೂನು ಇನ್ನೊಂದು ಕಾರಣ ಕೊಟ್ಟಿತು: 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಇಲ್ಲ; ಆದರೆ ಅದಕ್ಕೆ ಮೊದಲೇ ಅದೇ ಕೋರ್ಸಿಗೆ ಫೆಡರಲ್ ಡೈರೆಕ್ಟ್ ಸಾಲ ಪಡೆದು ಓದುತ್ತಿರುವವರಿಗೆ ಗರಿಷ್ಠ ಮೂರು ವರ್ಷ ಹಳೆಯ ನಿಯಮ ಮುಂದುವರಿಯುತ್ತದೆ. ಮೊದಲ ವರ್ಷ ಪೂರ್ತಿ ಖಾಸಗಿ ಸಾಲಕ್ಕೆ ಹೋಗಿದ್ದರೆ ಆ ಅವಕಾಶ ತಪ್ಪುತ್ತಿತ್ತು.

2026ರ ಜುಲೈ ನಂತರ ಸೇರುವವರಿಗೆ ಫೆಡರಲ್ ಮಿತಿ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್. ಖರ್ಚು ಅದನ್ನು ಮೀರುವ ಕಡೆ ಹಲವರಿಗೆ ಖಾಸಗಿ ಸಾಲ ಅನಿವಾರ್ಯವಾಗುತ್ತದೆ. ಅಂಥವರಿಗೆ ಒಂದು ಅನುಕೂಲವಿದೆ: ಖಾಸಗಿ ಶಿಕ್ಷಣ ಸಾಲ ಮಂಜೂರಾದ ಮೇಲೆ ಒಪ್ಪಿಕೊಳ್ಳಲು ಕಾನೂನಿನ ಪ್ರಕಾರ 30 ದಿನ ಕಾಲಾವಕಾಶ ಸಿಗುತ್ತದೆ, ಒಪ್ಪಿದ ಮೇಲೂ ರದ್ದುಪಡಿಸಲು ಮೂರು ಕೆಲಸದ ದಿನಗಳಿರುತ್ತವೆ. ರೆಸಿಡೆನ್ಸಿ, ಬಡ್ಡಿ ಸೇರ್ಪಡೆ ಮತ್ತು ಜಾಮೀನುದಾರನ ಬಿಡುಗಡೆಯ ಷರತ್ತುಗಳನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಲು ಆ ಮೂವತ್ತು ದಿನಗಳು ಸಾಕು.