ವರ್ಷದ ಕಾಳುಕಡಿ ಕೂಡಿಡುವುದು ಹೀಗಲ್ಲ

ಮಳೆ ಹಿಡಿದ ಮೇಲೆ ಸಾಮಾನು ತುಂಬಿಸಲು ಓಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಟಿವಿಯಲ್ಲಿ ಏನೋ ಒಂದು ಸುದ್ದಿ ಬಂದಿರುತ್ತದೆ, ಮೊಬೈಲಿನಲ್ಲಿ ಯಾರೋ ಏನೋ ಕಳಿಸಿರುತ್ತಾರೆ, ಸಂಜೆಯೊಳಗೆ ಆಟೋ ತುಂಬ ಪ್ಯಾಕೆಟ್ ಮನೆಗೆ ಬಂದಿಳಿಯುತ್ತದೆ. ಜೋಳದ ಹಿಟ್ಟು ಹತ್ತು ಕಿಲೋ, ಅದು ಯಾವಾಗ ಬೀಸಿದ್ದೋ ದೇವರಿಗೇ ಗೊತ್ತು. ಹೆಸರುಕಾಳು ಪ್ಲಾಸ್ಟಿಕ್ ಚೀಲದ ಸಮೇತ ಡಬ್ಬಿಗೆ ಹೋಗುತ್ತದೆ. ದಸರೆ ಹೊತ್ತಿಗೆ ನನಗೆ ಫೋನು. "ಅತ್ತೀ, ಹೆಸರಿಗೆ ಹುಳ ಹತ್ಯಾವ, ಏನ್ ಮಾಡ್ಲಿ?" ಏನು ಮಾಡ್ತೀಯವ್ವಾ, ನಾಲ್ಕು ಕೋಳಿ ತಂದು ಕಟ್ಟು.

ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ, ನಡುವೆ ನಮ್ಮ ರಾಯಚೂರು ಜಿಲ್ಲೆ. ಎರಡು ಹೊಳೆ ಇದ್ದರೂ ಬರ ನಮ್ಮನ್ನು ಬಿಟ್ಟಿಲ್ಲ. 1972ರ ಬರದಲ್ಲಿ ನಾನು ಲಂಗ-ದಾವಣಿಯ ಹುಡುಗಿ. ಆಗ ಪರದೇಶದ ಕೆಂಪು ಜೋಳದ ರೊಟ್ಟಿ ತಿಂದ ರುಚಿ ಇನ್ನೂ ನಾಲಿಗೆ ಮೇಲಿದೆ, ಒಳ್ಳೆಯ ಅರ್ಥದಲ್ಲಿ ಅಲ್ಲ. 2009ರಲ್ಲಿ ಬರ ಅಲ್ಲ, ನೆರೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ನೀರೆಲ್ಲ ಹೊಳೆಗೆ ಹೋಗುವಾಗ, ಸಿಂಧನೂರು ಕಡೆಯ ನಮ್ಮ ಬೀಗರು ರಾತ್ರಿಯೆಲ್ಲ ಭತ್ತದ ಚಿಂತೆ ಮಾಡುತ್ತಿದ್ದರು. ಇಷ್ಟೆಲ್ಲ ಕಂಡವರು ಕಾಳು ಕೂಡಿಡುವುದನ್ನು ಮರೆಯಬಾರದಿತ್ತು. ಮರೆತಿದ್ದಾರೆ. ಸಾಮಾನು ತರುವುದೇ ಕೂಡಿಡುವುದು ಅಂದುಕೊಂಡಿದ್ದಾರೆ.

ಮೊದಲು ಹೊತ್ತು ತಿಳಿದುಕೊಳ್ಳಿ. ನಮ್ಮಲ್ಲಿ ತೊಗರಿ, ಕಡಲೆ, ಬಿಳಿಜೋಳ, ಮೆಣಸಿನಕಾಯಿ, ಹುಣಸೆಹಣ್ಣು ಎಲ್ಲವೂ ಸಂಕ್ರಾಂತಿ ಆಸುಪಾಸಿನಿಂದ ಯುಗಾದಿ ದಾಟುವಷ್ಟರಲ್ಲಿ ಮನೆಗೆ ಬರುತ್ತವೆ. ಆಮೇಲೆ ಸುಡುವ ಬಿಸಿಲು. ಮೃಗಶಿರಾ ಮಳೆ ಬೀಳುವುದರೊಳಗೆ ಒಣಗಿಸಿ, ಹಸನು ಮಾಡಿ, ಬಾಯಿ ಕಟ್ಟಿ ಇಟ್ಟುಬಿಡಬೇಕು. ಮಳೆಗಾಲಕ್ಕೂ ಚಳಿಗಾಲಕ್ಕೂ ಬೇಕಾದದ್ದನ್ನು ಬೇಸಿಗೆಯಲ್ಲೇ ಮುಗಿಸುವುದು. ಶ್ರಾವಣದಲ್ಲಿ ತಂದ ಕಾಳು ಅಂಗಡಿಯ ತಂಪನ್ನೂ ಹುಳವನ್ನೂ ಜೊತೆಗೇ ತರುತ್ತದೆ. ಅದನ್ನು ಒಣಗಿಸಲು ಬಿಸಿಲೆಲ್ಲಿ?

ಎಷ್ಟು ಇಡಬೇಕು ಅಂತ ಕೇಳುತ್ತಾರೆ. ನಿಮ್ಮ ಮನೆ ಡಬ್ಬಿ ಎಷ್ಟು ದಿನಕ್ಕೆ ತಳ ಕಾಣುತ್ತದೆ ಅಂತ ನಿಮಗೆ ಗೊತ್ತಿಲ್ವಾ? ಎರಡೂ ಹೊತ್ತು ರೊಟ್ಟಿ ಬಡಿಯುವ ಮನೆಗೆ ಒಂದು ಲೆಕ್ಕ, ಬೆಳಿಗ್ಗೆ ಬ್ರೆಡ್ ತಿನ್ನುವ ಮನೆಗೆ ಇನ್ನೊಂದು. ಹಬ್ಬ, ಬಂದುಹೋಗುವವರು, ಹೆರಿಗೆಗೆ ಬರುವ ಮಗಳು, ಇವನ್ನೂ ಸೇರಿಸಿಕೊಂಡು ನೋಡಿ. ಮೊದಲ ವರ್ಷವೇ ಮನೆ ತುಂಬಿಸಬೇಕಿಲ್ಲ. ಜೋಳ ಒಂದು ಚೀಲ, ಬೇಳೆ ಒಂದು ಡಬ್ಬಿ, ಅಷ್ಟನ್ನು ಕೆಡದಂತೆ ಮುಂದಿನ ಸುಗ್ಗಿಗೆ ಮುಟ್ಟಿಸಿ, ಆಮೇಲೆ ಹೆಚ್ಚಿಸಿ.

ಜೋಳ ಕೊಳ್ಳುವಾಗ ಚೀಲದೊಳಗೆ ಕೈ ಇಳಿಸಿ ನೋಡಿ. ಒಣಗಿದ ಜೋಳದಲ್ಲಿ ಕೈ ಮೊಣಕೈವರೆಗೆ ಸರ್ರಂತ ಇಳಿಯುತ್ತದೆ. ಹಸಿ ಇದ್ದರೆ ನಡುವೆಯೇ ತಡೆಯುತ್ತದೆ. ಆಮೇಲೆ ಒಂದು ಕಾಳು ಹಲ್ಲಿಗೆ ಕೊಡಿ. ಕಟ್ ಅನ್ನಬೇಕು. ನಗುವ ಅಂಗಡಿಯವನು ನಗಲಿ. ಮನೆಗೆ ತಂದ ಮೇಲೂ ಒಳ್ಳೆಯ ಬಿಸಿಲು ಕಾಣಿಸಿ. ಆದರೆ ಮಾಳಿಗೆ ಮೇಲಿಂದ ತಂದ ಬಿಸಿ ಜೋಳವನ್ನು ಹಾಗೇ ಪೀಪಾಯಿಗೆ ಸುರಿಯಬೇಡಿ. ನನ್ನ ತಂಗಿಯ ಸೊಸೆ ಇದನ್ನೇ ಮಾಡುತ್ತಾಳೆ, ಬಿಸಿ ಇದ್ದರೆ ಹುಳ ಸಾಯುತ್ತದಂತೆ. ಹುಳ ಸಾಯುವುದು ಆಮೇಲಿನ ಮಾತು, ಮೊದಲು ಪೀಪಾಯಿಯ ಒಳಮೈ ಬೆವರಿ ಮೇಲಿನ ಜೋಳಕ್ಕೆ ಬೂಷ್ಟು ಹಿಡಿಯುತ್ತದೆ. ರಾತ್ರಿಯಿಡೀ ಒಳಗೆ ಹರವಿ, ಪೂರ್ತಿ ಆರಿದ ಮೇಲೆ ತುಂಬಿಸಿ. ತಳಕ್ಕೆ, ನಡುವೆ, ಮೇಲೆ ಬೇವಿನ ಎಲೆ. ಬೇವಿನ ಎಲೆ ನೆರಳಲ್ಲಿ ಒಣಗಿ ಗರಗರ ಅನ್ನುವಂತಿರಬೇಕು. ಗಿಡದಿಂದ ಕಿತ್ತ ಹಸಿ ಎಲೆ ಹಾಕಿದರೆ ನೀರು ಚಿಮುಕಿಸಿ ಇಟ್ಟ ಹಾಗೆಯೇ.

ಮಸ್ಕಿ ಕಡೆಯ ನನ್ನ ತವರಿನಲ್ಲಿ ಪೀಪಾಯಿ ಎಲ್ಲಿತ್ತು? ಹಗೇವು ಇತ್ತು. ನೆಲದೊಳಗೆ ತೋಡಿದ ಗುಂಡಿ, ಮೇಲೆ ಒಬ್ಬ ಆಳು ಇಳಿಯುವಷ್ಟು ಬಾಯಿ, ಸುತ್ತ ಸೊಪ್ಪೆ-ಹೊಟ್ಟು ಮೆತ್ತಿ ಜೋಳ ಸುರಿದು, ಬಂಡೆ ಮುಚ್ಚಿ ಮಣ್ಣು ಬಡಿಯುತ್ತಿದ್ದರು. ವರ್ಷಗಟ್ಟಲೆ ಇರುತ್ತಿತ್ತು. ತೆಗೆಯುವ ದಿನ ಬಂಡೆ ಸರಿಸಿ ಬಹಳ ಹೊತ್ತು ಗಾಳಿ ಆಡಲು ಬಿಡುತ್ತಿದ್ದರು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿಗೆ ಮನುಷ್ಯರು ಸತ್ತದ್ದು ಊರೂರಲ್ಲಿ ಕೇಳಿದ ಮಾತು. ಅಂಚಿನ ಜೋಳಕ್ಕೆ ಹಳದಿ ಬಣ್ಣ, ಒಂಥರಾ ವಾಸನೆ. ರೊಟ್ಟಿಗೂ ಅದೇ ವಾಸನೆ ಬರುತ್ತಿತ್ತು, ಅದನ್ನೇ ಇಷ್ಟಪಟ್ಟು ತಿನ್ನುವ ಮುದುಕರೂ ಇದ್ದರು.

ಹಿಟ್ಟು ಮಾತ್ರ ಕೂಡಿಡಬೇಡಿ, ನಾನು ಕೈ ಮುಗಿಯುತ್ತೇನೆ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ. ಎಸರು ಎಷ್ಟೇ ಕುದಿಸಿ ಹಾಕಿ, ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಆಗ ಜೋಳಕ್ಕೆ ಬೈಯುತ್ತೀರಿ. ಸಜ್ಜೆ ಹಿಟ್ಟು ಅದಕ್ಕಿಂತ ಬೇಗ ಕಹಿ ಬರುತ್ತದೆ. ಚಳಿಗಾಲಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕೇ ಬೇಕು, ಆದರೆ ಇಡಬೇಕಾದದ್ದು ಸಜ್ಜೆ. ವಾರಕ್ಕೆ ಆಗುವಷ್ಟು ಬೀಸಿಸಿ ಸಾಕು. ಇನ್ನೊಂದು ಮಾತು, ಲಾಕ್‌ಡೌನಿನಲ್ಲಿ ನಮ್ಮ ಓಣಿಯ ಗಿರಣಿ ಮುಚ್ಚಿತ್ತು. ಚೀಲ ತುಂಬ ಜೋಳ ಇಟ್ಟುಕೊಂಡು ರೊಟ್ಟಿ ಇಲ್ಲದೆ ಕೂತವರಿದ್ದರು. ಹಿತ್ತಲಲ್ಲಿ ಬಿದ್ದಿರುವ ಬೀಸುಕಲ್ಲನ್ನು ಗುಜರಿಗೆ ಕೊಡಬೇಡಿ. ಅದಕ್ಕೆ ಹಿಡಿಹಿಡಿಯಾಗಿ ಕಾಳಿನ ಮುಕ್ಕು ಹಾಕಲು ಗೊತ್ತಿರುವವರು ಮನೆಯಲ್ಲಿ ಒಬ್ಬರಾದರೂ ಇರಲಿ. ಕಟಕ ರೊಟ್ಟಿ, ಅಂದರೆ ಒಣಗಿಸಿದ ಗಟ್ಟಿ ರೊಟ್ಟಿ, ಅದನ್ನೂ ಒಂದಿಷ್ಟು ಮಾಡಿಡಿ. 2009ರ ನೆರೆಯಲ್ಲಿ ನಮ್ಮ ಓಣಿಯಿಂದ ಹೊಳೆದಂಡೆ ಊರುಗಳಿಗೆ ಕಳಿಸಿದ್ದು ಅದನ್ನೇ, ಜೊತೆಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಒಲೆ ಇಲ್ಲದಿದ್ದರೂ ಹೊಟ್ಟೆ ತುಂಬುತ್ತದೆ.

ಈಗ ಕಾಳಿಗೆ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಹಚ್ಚುವ ನನ್ನ ಕೆಲಸಕ್ಕೆ ಬರುತ್ತೇನೆ. ಇದನ್ನು ಪೂರ್ತಿ ಓದಿ, ಅರ್ಧ ಓದಿ ಮಾಡಬೇಡಿ.

ಹೆಸರು, ಮಡಕಿ, ಅಲಸಂದಿ, ಇಡೀ ತೊಗರಿ, ಕಡಲೆ, ಇವಕ್ಕೆ ಬರುವ ಹುಳ ಡಬ್ಬಿಯಲ್ಲಿ ಹುಟ್ಟುವುದಲ್ಲ. ಬಹಳ ಸಲ ಹೊಲದಿಂದಲೇ ಬಂದಿರುತ್ತದೆ. ಕಾಳನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿಯಿರಿ. ಸಿಪ್ಪೆಗೆ ಅಂಟಿದ ಬಿಳಿ ಚುಕ್ಕೆ ಕಾಣುತ್ತದೆ, ಸಾಸಿವೆಗಿಂತಲೂ ಸಣ್ಣದು. ಅದೇ ಮೊಟ್ಟೆ. ಮರಿ ಒಳಗೆ ಕೊರೆದು ಹೋಗಿ, ತಿಂದು ಬೆಳೆದು, ಗುಂಡನೆಯ ತೂತು ಮಾಡಿಕೊಂಡು ಹೊರಬರುತ್ತದೆ. ನೀವು ತೂತು ನೋಡಿ ಗಾಬರಿಯಾಗುವ ಹೊತ್ತಿಗೆ ಅದು ಇನ್ನಷ್ಟು ಕಾಳಿಗೆ ಮೊಟ್ಟೆ ಇಟ್ಟಾಗಿರುತ್ತದೆ. ಮೈಗೆ ಎಣ್ಣೆ ಹಚ್ಚಿದ ಕಾಳಿಗೆ ಮೊಟ್ಟೆ ಸರಿಯಾಗಿ ಅಂಟುವುದಿಲ್ಲ. ಅಂಟಿದರೂ ಒಳಗಿನದಕ್ಕೆ ಉಸಿರಾಡಲು ಆಗುವುದಿಲ್ಲ.

ಮೊದಲು ಕಾಳನ್ನು ಅಂಗಳದ ಫರಸಿ ಕಲ್ಲಿನ ಮೇಲೆ ತೆಳ್ಳಗೆ ಹರವಿ. ಒಂದರ ಮೇಲೊಂದು ಕೂರಬಾರದು. ಕಾಲಿಟ್ಟರೆ ಕಲ್ಲು ಚುರ್ ಅನ್ನುವ ಬಿಸಿಲು ಬೇಕು, ಒಂದು ದಿನದ್ದು ಸಾಲದು. ನಡುನಡುವೆ ಕೈಯಾಡಿಸಿ. ಆಮೇಲೆ ಕೇರಿ, ಜರಡಿ ಹಿಡಿದು, ಮುಕ್ಕಾದ ಕಾಳು, ತೂತು ಕಾಳು ಎಲ್ಲ ತೆಗೆಯಿರಿ. ರಾತ್ರಿ ಆರಲು ಬಿಡಿ. ಮರುದಿನ ಬೆಳಿಗ್ಗೆ ಎಣ್ಣೆ. ಔಡಲ ಎಣ್ಣೆ ದಪ್ಪ ಇರುತ್ತದೆ, ಶೀಷೆಯನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ತೆಳುವಾಗುತ್ತದೆ. ಕರಿದುಳಿದ ಎಣ್ಣೆ ಹಚ್ಚಿ ಉಳಿತಾಯ ಮಾಡುತ್ತೇನೆ ಅಂದರೆ ಕಾಳೆಲ್ಲ ಕಮಟು ಹಿಡಿಯುತ್ತದೆ.

ಒಂದು ಸಲಕ್ಕೆ ಒಂದು ಮೊರ ಕಾಳು, ಅದಕ್ಕಿಂತ ಜಾಸ್ತಿ ಬೇಡ. ಅಂಗೈ ಗುಣಿಯಲ್ಲಿ ನಿಲ್ಲುವಷ್ಟು ಎಣ್ಣೆ. ಅದನ್ನು ಕಾಳಿನ ಮೇಲೆ ಸುರಿಯಬಾರದು, ಸುರಿದರೆ ಒಂದೇ ಕಡೆ ಕುಡಿದುಬಿಡುತ್ತದೆ. ಎರಡೂ ಅಂಗೈಗೆ ಸವರಿಕೊಂಡು, ಕಾಳನ್ನು ಬೊಗಸೆಯಲ್ಲಿ ಎತ್ತಿ ಎತ್ತಿ ಅಂಗೈ ನಡುವೆ ಮೆಲ್ಲಗೆ ಉಜ್ಜಿ ಬಿಡಿ. ಮಗುವಿಗೆ ಎಣ್ಣೆ ಹಚ್ಚುವ ಕೈ ಇರಬೇಕು. ಮೊರದ ಅಂಚಿನ ಕಾಳನ್ನು ನಡುವಿಗೆ ಎಳೆದು ಇನ್ನೊಮ್ಮೆ. ಕಾಳೆಲ್ಲ ಹೊಳೆಯಬೇಕು, ಆದರೆ ಒಣ ಬಟ್ಟೆಯ ಮೇಲೆ ಹಾಕಿದರೆ ಎಣ್ಣೆ ಕಲೆ ಬೀಳಬಾರದು. ಕಲೆ ಬಿತ್ತಾ, ಇನ್ನೊಂದು ಬೊಗಸೆ ಒಣ ಕಾಳು ಸೇರಿಸಿ ಉಜ್ಜಿ. ಚಮಚದಲ್ಲಿ ಕಲಸುವುದು, ಪಾತ್ರೆ ಮುಚ್ಚಿ ಕುಲುಕುವುದು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳುವುದು, ಇವೆಲ್ಲ ನೋಡಿದ್ದೇನೆ. ಅಂಥವರ ಕಾಳು ದೀಪಾವಳಿ ದಾಟಿದ್ದನ್ನು ನೋಡಿಲ್ಲ.

ನಮ್ಮತ್ತೆ ಈ ಕೆಲಸಕ್ಕೆ ಪಡಸಾಲೆಯಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಒಂದು ಮೊರ ಮುಗಿದಾಗ ಬೆರಳಿಗೆ ಉಳಿದ ಎಣ್ಣೆಯನ್ನು ಒರೆಸುತ್ತಿರಲಿಲ್ಲ. ಹತ್ತಿರ ಸುಳಿದ ಮಗುವನ್ನು ಹಿಡಿದು ನೆತ್ತಿಗೆ ತಟ್ಟುತ್ತಿದ್ದರು. ಸಂಜೆಗೆ ಮನೆಯ ಮಕ್ಕಳೆಲ್ಲ ಔಡಲ ಎಣ್ಣೆಯ ವಾಸನೆ ಹೊಡೆಯುತ್ತಿದ್ದರು. ಆ ದಿನ ಮೊರ ಹೊರಬಂತು ಅಂದರೆ ಮಕ್ಕಳು ಹೊಲದ ದಾರಿ ಹಿಡಿಯುತ್ತಿದ್ದವು.

ಎಣ್ಣೆ ಹಚ್ಚಿದ ಕಾಳನ್ನು ನೆರಳಲ್ಲಿ ಒಂದು ಹೊತ್ತು ಬಿಟ್ಟು ಡಬ್ಬಿಗೆ ತುಂಬಿ. ತುಂಬುವಾಗ ಡಬ್ಬಿಯನ್ನು ನೆಲಕ್ಕೆ ತಟ್ಟಿ ತಟ್ಟಿ ಕೂರಿಸಿ. ಮೇಲೆ ಒಗೆದ ಹಳೆ ಧೋತರದ ಬಟ್ಟೆ. ಬಟ್ಟೆಯ ಮೇಲೆ ಹೊಳೆ ಉಸುಕು, ಮೂರು ಬೆರಳು ದಪ್ಪ. ಉಸುಕನ್ನು ಮೊದಲು ಜರಡಿ ಹಿಡಿದು, ಹಂಚಿನಲ್ಲಿ ಹುರಿದು, ಆರಿಸಿರಬೇಕು. ಹೊರಗಿನ ಹುಳ ಆ ಉಸುಕು ದಾಟಿ ಇಳಿಯುವುದಿಲ್ಲ. ಕಾಳು ಬೇಕಾದಾಗ ಬಟ್ಟೆಯ ನಾಲ್ಕು ಮೂಲೆ ಹಿಡಿದು ಉಸುಕು ಸಮೇತ ಎತ್ತಿ ಪಕ್ಕಕ್ಕಿಡಿ. ದಿನಾ ಎತ್ತಬೇಡಿ, ಹದಿನೈದು ದಿನಕ್ಕಾಗುವಷ್ಟು ಸಣ್ಣ ಡಬ್ಬಿಗೆ ತೆಗೆದುಕೊಳ್ಳಿ. ಬೇಯಿಸುವ ಮುಂಚೆ ಬಿಸಿನೀರಲ್ಲಿ ಉಜ್ಜಿ ತೊಳೆದರೆ ಎಣ್ಣೆಯ ವಾಸನೆ ಇರುವುದಿಲ್ಲ. ಹೊಟ್ಟೆಗೆ ಏನಾದರೂ ಆಗುತ್ತದೆಯೇ ಅಂತ ಕೇಳುತ್ತೀರಿ. ಇಷ್ಟು ವರ್ಷ ನಮಗೇನೂ ಆಗಿಲ್ಲ, ತೊಳೆಯದೆ ಬೇಯಿಸುವ ಸೋಮಾರಿಗಳ ವಿಷಯ ನನಗೆ ಗೊತ್ತಿಲ್ಲ.

ಇಷ್ಟು ಮಾಡಲು ಆಗುವುದಿಲ್ಲ ಅಂತ ಕೆಲವರು ಕಾಳಿನ ನಡುವೆ ವಿಷದ ಗುಳಿಗೆ ಇಡುತ್ತಾರೆ. ಅದು ತಂಪು ಹತ್ತಿದರೆ ವಿಷದ ಗಾಳಿ ಬಿಡುತ್ತದೆ, ಮಲಗಿದವರನ್ನು ಎಬ್ಬಿಸುವುದಿಲ್ಲ. ಗೋದಾಮಿನ ಸಾಮಾನು ಗೋದಾಮಿನಲ್ಲಿರಲಿ, ಮಕ್ಕಳು ಮಲಗುವ ಮನೆಗೆ ತರಬೇಡಿ. ಬೋರಿಕ್ ಪೌಡರ್ ಕೂಡ ಬೇಡ.

ಉಳಿದದ್ದು ಬೇಗ ಹೇಳುತ್ತೇನೆ. ಮೆಣಸಿನಕಾಯಿಯನ್ನು ಅಲುಗಾಡಿಸಿದರೆ ಒಳಗಿನ ಬೀಜ ಸದ್ದು ಮಾಡಬೇಕು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ತೊಟ್ಟು ತೆಗೆಯಬೇಡಿ, ಕುಟ್ಟುವ ದಿನ ತೆಗೆದರೆ ಸಾಕು. ಒಂದೆರಡು ಮುರಿದು ನೋಡಿ, ಒಳಗೆ ಕಪ್ಪು ಬೂಷ್ಟು ಇದ್ದರೆ ಆ ಚೀಲ ವಾಪಸ್. ಹುಣಸೆಹಣ್ಣಿನ ಬೀಜ, ನಾರು ತೆಗೆದು, ಉಪ್ಪು ಚೆಲ್ಲುತ್ತಾ ಜಾಡಿಗೆ ಒತ್ತಿ ತುಂಬಿ. ತಗಡಿನ ಡಬ್ಬಿಗೆ ಹಾಕಿದರೆ ಹುಳಿ ಡಬ್ಬಿಯನ್ನೇ ತಿನ್ನುತ್ತದೆ. ಶೇಂಗಾ ಕಾಯಿಯಾಗಿಯೇ ಇರಲಿ, ಬೇಕಾದಾಗ ಒಡೆಯಿರಿ, ಕಪ್ಪಾದ ಬೀಜ ಬಾಯಿಗೆ ಹೋಗದಿರಲಿ. ಗುರೆಳ್ಳು, ಅಗಸಿಯೂ ಹಾಗೆಯೇ, ಕಾಳು ಇಡಿ, ಹಿಂಡಿಯನ್ನು ಆಗಾಗ ಕುಟ್ಟಿಕೊಳ್ಳಿ. ಬೇಸಿಗೆಯ ಉಳ್ಳಾಗಡ್ಡಿ ತಡೆಯುತ್ತದೆ, ಮಳೆಗಾಲದ್ದು ತಡೆಯುವುದಿಲ್ಲ. ಅದನ್ನು ಗಾಳಿ ಆಡುವಲ್ಲಿ ಹರವಿ, ಆಲೂಗಡ್ಡೆ ಪಕ್ಕ ಬೇಡ.

ಬಿಸಿಲಿನ ಮಾತು ಬಂತಲ್ಲ, ಅದೇ ಬಿಸಿಲಲ್ಲಿ ಹಳೆ ಸೀರೆ ಹೊಲಿದು ಮಾಡಿದ ಕೌದಿಗಳನ್ನೂ ಒಗೆದುಬಿಡಿ. ಚಳಿ ಶುರುವಾದ ಮೇಲೆ ಕೌದಿ ಒಗೆಯುವವರಿದ್ದಾರೆ. ಮೇಲಿನ ಸೀರೆ ಒಣಗುತ್ತದೆ, ಒಳಪದರ ಹಸಿಯೇ ಉಳಿಯುತ್ತದೆ.

ಚಳಿಗಾಲವೂ ಕೂಡಿಡುವ ಕಾಲವೇ. ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಮುಂಚೆ ಎರೆಹೊಲದಲ್ಲಿ ಕಡಲೆ ಗಿಡದ ಕುಡಿ ಚಿವುಟುತ್ತಾರಲ್ಲ, ಆ ಸೊಪ್ಪನ್ನು ನೆರಳಲ್ಲಿ ಒಣಗಿಸಿಡಿ. ಬೇಸಿಗೆಯಲ್ಲಿ ಕಾಯಿಪಲ್ಯೆ ತುಟ್ಟಿಯಾದಾಗ ಬೇಳೆ ಜೊತೆ ಬೇಯಿಸಿದರೆ ಅದರ ಹುಳಿ ಬೇರೆಯೇ. ನಮ್ಮಜ್ಜಿ ರಾತ್ರಿ ಆ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ಬೆಳಗಿನ ಇಬ್ಬನಿಯಲ್ಲಿ ನೆನೆದದ್ದನ್ನು ಹಿಂಡಿ ಕಡಲೆ ಹುಳಿ ಶೀಷೆಗೆ ತುಂಬುತ್ತಿದ್ದಳು. ಹೊಟ್ಟೆನೋವು ಅಂದರೆ ಅದನ್ನೇ ಕೊಡುತ್ತಿದ್ದಳು.

ಡಬ್ಬಿ, ಚೀಲ ಯಾವುದೂ ನೆಲದ ಮೇಲೆ ಕೂರಬಾರದು, ಗೋಡೆಗೂ ತಾಗಬಾರದು. ಕೆಳಗೆ ಹಲಗೆ ಇಡಿ, ಹಿಂದೆ ಕೈ ಹೋಗುವಷ್ಟು ಜಾಗ ಬಿಡಿ. ಇಲಿ ಬಂದರೂ ಕಾಣಬೇಕು. ಹಳೆ ಕಾಳಿನ ಮೇಲೆ ಹೊಸದನ್ನು ಸುರಿಯುವ ಚಾಳಿ ಬಿಡಿ, ಹುಳ ಹೀಗೇ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ದಾಟುತ್ತದೆ. ಹಳೆಯದು ಮುಗಿಯಲಿ. ಖಾಲಿ ಡಬ್ಬಿ ತೊಳೆದು, ಮುಚ್ಚಳದ ಅಂಚು, ತಳದ ಮೂಲೆಗಳನ್ನು ಕಡ್ಡಿಯಿಂದ ಕೆರೆದು, ಬೋರಲು ಹಾಕದೆ ಬಾಯಿ ಮೇಲೆ ಮಾಡಿ ಬಿಸಿಲಿಗಿಡಿ. ಅದು ಪೂರ್ತಿ ಆರಿ ತಣ್ಣಗಾದ ಮೇಲೆಯೇ ಹೊಸ ಕಾಳಿನ ಚೀಲ ಬಿಚ್ಚಿ.