ಹೊಂಗ್‌ದೇ: ಮಧ್ಯಾಹ್ನ 3ನೇ ಎಕ್ಸಿಟ್, ಸಂಜೆ 9ನೇ ಎಕ್ಸಿಟ್

ಹೊಂಗ್‌ದೇ ಎಂಬುದು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಹೊಂಗಿಕ್ ವಿಶ್ವವಿದ್ಯಾಲಯದ ಕೊರಿಯನ್ ಹೆಸರಿನ ಮೊಟಕು ರೂಪ, ಅದರ ಸುತ್ತಲ ಬಡಾವಣೆಗೂ ಅದೇ ಹೆಸರು. ಅಲ್ಲಿನ ಕಲಾ ಕಾಲೇಜು ಬಹಳ ಹೆಸರುವಾಸಿ. ಸುತ್ತಲ ಓಣಿಗಳ ಸ್ಟುಡಿಯೊ, ಬ್ಯಾಂಡ್, ಪುಟ್ಟ ಅಂಗಡಿಗಳಿಗೆ ಅದೇ ಬೇರು. ಹೆಚ್ಚಿನವರು ಸಂಜೆ ಹೊಂಗಿಕ್ ಮೆಟ್ರೊ ನಿಲ್ದಾಣದ 9ನೇ ಎಕ್ಸಿಟ್‌ನಲ್ಲಿ ಹೊರಬಂದು ಜನಜಂಗುಳಿ ನೋಡಿಕೊಂಡು ಹಿಂದಿರುಗುತ್ತಾರೆ. ಹಾಗಾಗಬಾರದೆಂದರೆ ಮಧ್ಯಾಹ್ನ 2ರ ಹೊತ್ತಿಗೆ ನಿಲ್ದಾಣದ ಇನ್ನೊಂದು ಬದಿಯಿಂದ ಶುರುಮಾಡಬೇಕು.

ಇಂಚೊನ್ ವಿಮಾನ ನಿಲ್ದಾಣದಿಂದ ನೇರ ಬರುವವರು ಎಕ್ಸ್‌ಪ್ರೆಸ್ ರೈಲು ಹತ್ತಬೇಡಿ. ಅದು ಹೊಂಗಿಕ್ ನಿಲ್ದಾಣದಲ್ಲಿ ನಿಲ್ಲದೆ ಸೋಲ್ ಸ್ಟೇಷನ್‌ಗೇ ಹೋಗುತ್ತದೆ. ಎಲ್ಲ ಕಡೆ ನಿಲ್ಲುವ ರೈಲು ಹಿಡಿದರೆ 1ನೇ ಟರ್ಮಿನಲ್‌ನಿಂದ ಸುಮಾರು 50 ನಿಮಿಷ. ಬಸ್ಸು, ಮೆಟ್ರೊಗೆ ಬಳಸುವ ಟಿ-ಮನಿ ಕಾರ್ಡನ್ನು ಕನ್ವೀನಿಯನ್ಸ್ ಸ್ಟೋರ್‌ನಲ್ಲಿ ಕೊಳ್ಳಿ. ರೀಚಾರ್ಜಿಗೆ ವಾನ್ ನೋಟುಗಳು ಕೈಯಲ್ಲಿರಲಿ. ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ತಾಗಿಸಿ, ಇಲ್ಲವಾದರೆ ಮುಂದಿನ ಬಸ್ಸು, ಮೆಟ್ರೊಗೆ ಸಿಗುವ ರಿಯಾಯಿತಿ ಹೋಗುತ್ತದೆ. ದಾರಿ ಹುಡುಕಲು ನೇವರ್ ಮ್ಯಾಪ್ ಅಥವಾ ಕಾಕಾವೊ ಮ್ಯಾಪ್ ಹಾಕಿಕೊಳ್ಳಿ.

3ನೇ ಎಕ್ಸಿಟ್‌ನ ಹೊರಗೇ ಗ್ಯೊಂಗಿ ರೈಲು ಮಾರ್ಗದ ಉದ್ಯಾನ. ರೈಲು ನೆಲದಡಿಗೆ ಇಳಿದ ಮೇಲೆ ಹಳೆಯ ಹಳಿಯ ಜಾಗವೇ ಪಾರ್ಕ್ ಆಯಿತು. ಒಟ್ಟು ಉದ್ದ ಸುಮಾರು 6.3 ಕಿ.ಮೀ. ಅಷ್ಟೂ ನಡೆಯಬೇಕಿಲ್ಲ. ಯೊನ್ನಮ್‌ದೊಂಗ್ ಬಡಾವಣೆಯ ಭಾಗದಲ್ಲಿ ಹದಿನೈದು ನಿಮಿಷ ನಡೆದು ಅಡ್ಡ ಓಣಿಗಳಿಗೆ ತಿರುಗಿ. ಚೆಂದದ ಕೆಫೆಗಳು ಮುಖ್ಯ ದಾರಿಯಲ್ಲಿಲ್ಲ, ಹಳೆಯ ಮನೆಗಳ ಮಹಡಿಯಲ್ಲಿವೆ. ಬೆಳಿಗ್ಗೆ ಹೋದರೆ ಮುಚ್ಚಿದ ಬಾಗಿಲುಗಳೇ ಎದುರಾಗುತ್ತವೆ. ಅನೇಕ ಅಂಗಡಿಗಳು ತೆರೆಯುವುದು 11–12 ಗಂಟೆಗೆ.

ಸಸ್ಯಾಹಾರಿಗಳು ಇಲ್ಲಿ ಎಚ್ಚರದಿಂದಿರಬೇಕು. 'ಮಾಂಸ ಬೇಡ' ಎಂದರೂ ಮೀನು ಬಂದೇ ಬರಬಹುದು. ತೊಕ್‌ಪೊಕ್ಕಿ ಎಂಬ ಖಾರದ ತಿನಿಸಿನಲ್ಲಿ ಅಕ್ಕಿಹಿಟ್ಟಿನ ತುಂಡುಗಳ ಜೊತೆ ಮೀನಿನ ಕೇಕ್ ಇರುತ್ತದೆ, ಸಾರಿಗೂ ಸಾಮಾನ್ಯವಾಗಿ ಒಣಮೀನು ಕುದಿಸಿರುತ್ತಾರೆ. ಹುಳಿ ಬರಿಸಿದ ತರಕಾರಿಯ ಕಿಮ್ಚಿಗೆ ಮೀನಿನ ರಸವೋ ಉಪ್ಪು ಹಾಕಿದ ಸೀಗಡಿಯೋ ಬೀಳುತ್ತದೆ. ಮಾಂಸ, ಹ್ಯಾಮ್, ಮೀನು, ಸೀಗಡಿ, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ 'ಬೇಡ' ಎಂಬುದನ್ನು ಕೊರಿಯನ್‌ನಲ್ಲಿ ಬರೆಸಿಟ್ಟುಕೊಂಡು ಫೋನಿನಲ್ಲಿ ತೋರಿಸಿ. ಬೀದಿಬದಿಯಲ್ಲಿ ಬೆಲ್ಲದಂಥ ಸಕ್ಕರೆ ಪಾಕ ತುಂಬಿದ ಹೊತ್ತೊಕ್ ಎಂಬ ಬಿಸಿ ರೊಟ್ಟಿ ಸಿಕ್ಕರೆ ಬಿಡಬೇಡಿ. ಒಳಗಿನ ಪಾಕ ಕುದಿಯುತ್ತಿರುತ್ತದೆ, ಎರಡು ನಿಮಿಷ ತಾಳಿ ಕಚ್ಚಿ.

ಸಂಜೆ 5ರ ನಂತರ 9ನೇ ಎಕ್ಸಿಟ್ ಬದಿಗೆ ದಾಟಿ. ನಡಿಗೆ ಬೀದಿಯಲ್ಲಿ ಹುಡುಗ ಹುಡುಗಿಯರು ಹಾಡುತ್ತಾ, ಕುಣಿಯುತ್ತಾ ವೃತ್ತ ಕಟ್ಟುತ್ತಾರೆ. ಇಷ್ಟವಾದರೆ ಮುಂದಿಟ್ಟ ಪೆಟ್ಟಿಗೆಗೆ ದುಡ್ಡು ಹಾಕಿ. ಬಟ್ಟೆಯಂಗಡಿಗಳಲ್ಲಿ ಹೆಚ್ಚಾಗಿ 'ಫ್ರೀ ಸೈಜ್' ಒಂದೇ ಇರುತ್ತದೆ, ತೊಟ್ಟು ನೋಡಲೂ ಅನೇಕ ಕಡೆ ಬಿಡುವುದಿಲ್ಲ. ನಿಮ್ಮ ಅಳತೆಯ ಅಂಗಿಯೊಂದನ್ನು ಮೇಲಿಟ್ಟು ಹೋಲಿಸಿ. ಕ್ಲಬ್‌ಗೆ ಹೋಗುವುದಾದರೆ ಮೂಲ ಪಾಸ್‌ಪೋರ್ಟ್ ಬೇಕು, ಫೋಟೊ ಪ್ರತಿಗೆ ಒಪ್ಪದಿರಬಹುದು.

ಶನಿವಾರ ರಾತ್ರಿ 9ನೇ ಎಕ್ಸಿಟ್‌ನ ಮೆಟ್ಟಿಲಲ್ಲಿ ಕಾಲಿಡಲು ಜಾಗವಿರದು. ವಾಪಸಾಗಲು 6ನೇ ಲೈನಿನ ಸಾಂಗ್ಸು ನಿಲ್ದಾಣಕ್ಕೆ ನಡೆಯಿರಿ. ಮೆಟ್ರೊ ನಡುರಾತ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಆಮೇಲೆ 'ಎನ್' ಅಕ್ಷರದಿಂದ ಶುರುವಾಗುವ ಸಂಖ್ಯೆಯ ರಾತ್ರಿ ಬಸ್ಸು, ಇಲ್ಲವೇ ಟ್ಯಾಕ್ಸಿ. ಟ್ಯಾಕ್ಸಿಗೆ ರಾತ್ರಿ 10ರಿಂದ 20%, 11ರಿಂದ 2ರವರೆಗೆ 40% ಹೆಚ್ಚು ದರ.